ಲೋಹದ ಇಂಕ್ ಪೆನ್ನಿನ ಹಠಮಾರಿ ಕಲೆ: ಯಾವ ಪೆನ್ನಿಗೆ ಯಾವ ಉಪಾಯ?

ಇಂಕ್ ಪೆನ್ನಿನ ಕಲೆ ಹೋಗುವುದಕ್ಕೆ ಏನು ಮಾಡಬೇಕೆಂದು ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಒಬ್ಬರು ವಿನೆಗರ್ ಎನ್ನುತ್ತಾರೆ, ಇನ್ನೊಬ್ಬರು ಟೂತ್‌ಪೇಸ್ಟ್, ಮತ್ತೊಬ್ಬರು ಅಮೋನಿಯ. ಮನೆಯ ಹಿರಿಯರಂತೂ ಹುಣಸೆಹಣ್ಣು ಹಚ್ಚಿ ತಿಕ್ಕು ಎಂದುಬಿಡುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಪೆನ್ನಿಗೆ ಅದು ಫಲ ಕೊಟ್ಟಿರುತ್ತದೆ. ಆದರೆ ಸ್ಟೀಲಿಗೆ ಒಗ್ಗಿದ್ದು ಹಿತ್ತಾಳೆಯನ್ನು ಕೆಡಿಸುತ್ತದೆ, ಹಿತ್ತಾಳೆಗೆ ಒಗ್ಗಿದ್ದು ಬಿದರಿಯ (ಬೀದರ್‌ನ ಬೆಳ್ಳಿ ಕುಸುರಿಯ ಕಪ್ಪು ಲೋಹದ) ಮೈಯನ್ನು ಸುಲಿದುಹಾಕುತ್ತದೆ. ಆದ್ದರಿಂದ ಯಾವ ಕಲೆ ಎಂದು ಕೇಳುವ ಮೊದಲು ಯಾವ ಲೋಹ ಎಂದು ಕೇಳಿಕೊಳ್ಳಬೇಕು.

ಬೀದರ್, ಕಲಬುರಗಿ, ಯಾದಗಿರಿಯ ಕಡೆ ಈ ತೊಂದರೆ ಬೇಸಿಗೆಯಲ್ಲಿ ಹೆಚ್ಚು. ಬಿಸಿಲು 42 ಡಿಗ್ರಿ ದಾಟಿದ ದಿನಗಳಲ್ಲಿ ಮೇಜಿನ ಮೇಲೆ ಬಿಟ್ಟ ಪೆನ್ನಿನೊಳಗಿನ ನೀರಿನಂಶ ಬೇಗ ಆರಿಹೋಗುತ್ತದೆ, ಬಣ್ಣ ಮಾತ್ರ ಉಳಿದು ಗಟ್ಟಿಯಾಗುತ್ತದೆ. ಶಾಲೆಗಳಿಗೆ ರಜೆ ಬಿಟ್ಟಾಗ ಚೀಲದೊಳಗೆ ಸೇರಿದ ಮಾಸ್ತರರ ಪೆನ್ನು ಜೂನ್‌ನಲ್ಲಿ ಹೊರಬಂದಾಗ ಕಾಣುವುದು ಇದೇ ಸ್ಥಿತಿ: ನಿಬ್ಬಿನ ಸುತ್ತ ನೀಲಿ ಹೆಪ್ಪು, ಕ್ಯಾಪಿನೊಳಗೆ ಕಪ್ಪು ಬಳೆ, ತಿರುಪಿನ ಸಂದುಗಳಲ್ಲಿ ಒಣಗಿದ ಮಸಿ.

ಮೊದಲು ನೋಡಬೇಕಾದದ್ದು

ಮೊದಲನೆಯದು, ಅದು ಕಲೆಯೋ ಗಾಯವೋ ಎಂಬುದು. ಒದ್ದೆ ಮಾಡಿದ ಕಿವಿಕಡ್ಡಿಯಿಂದ ಒತ್ತಿ ಒರೆಸಿ. ಹತ್ತಿಗೆ ಸ್ವಲ್ಪವಾದರೂ ಬಣ್ಣ ಬಂದರೆ ಅದು ಕಲೆ, ಬಿಡಿಸಬಹುದು. ಬಣ್ಣ ಬಾರದೆ ಉಗುರಿಗೆ ತರಕಲು ತಾಗಿದರೆ, ಭೂತಗನ್ನಡಿಯಲ್ಲಿ ಸಣ್ಣ ಗುಳಿಗಳು ಕಂಡರೆ, ಅಲ್ಲಿ ಮಸಿಯ ಆಮ್ಲ ಲೋಹವನ್ನೇ ತಿಂದಿದೆ ಎಂದರ್ಥ. ಪೆನ್ನಿನ ಸುತ್ತಲಿನ ಚಿನ್ನದ ಲೇಪದ ಬಳೆಗಳ ಮೇಲೆ, ಕ್ರೋಮ್ ಲೇಪದ ಅಂಚುಗಳಲ್ಲಿ ಇದು ಸಾಮಾನ್ಯ. ಅದನ್ನು ಯಾವ ದ್ರವವೂ ಸರಿಮಾಡುವುದಿಲ್ಲ. ತಿಕ್ಕಿದಷ್ಟೂ ಲೇಪ ಇನ್ನಷ್ಟು ಹೋಗುತ್ತದೆ. ನಿಬ್ಬಿನ ಮೇಲ್ಮೈಯಲ್ಲಿ ಸೀಳಿನ ಪಕ್ಕದಲ್ಲಿ ಮಸಿ ಹರಡಿಕೊಂಡಿರುವುದು ಕಲೆಯೂ ಅಲ್ಲ, ರೋಗವೂ ಅಲ್ಲ. ಒರೆಸಿದರೆ ಹೋಗುತ್ತದೆ, ಬರೆದರೆ ಮತ್ತೆ ಬರುತ್ತದೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಎರಡನೆಯದು ಲೋಹ. ಅಂಗಡಿಯವರು ಎಲ್ಲವನ್ನೂ ಸ್ಟೀಲ್ ಎಂದೇ ಮಾರುತ್ತಾರೆ. ನಿಜವಾದ ಸ್ಟೇನ್‌ಲೆಸ್ ಸ್ಟೀಲ್ ಪೆನ್ನು ಬಳಸಿದಷ್ಟೂ ಗೀರು ಬಿದ್ದರೂ ಬಣ್ಣ ಬದಲಿಸುವುದಿಲ್ಲ. ಕ್ಲಿಪ್ಪಿನ ಬುಡದಲ್ಲೋ ಕ್ಯಾಪಿನ ಅಂಚಿನಲ್ಲೋ ಸವೆದು ಹಳದಿ ಇಣುಕುತ್ತಿದ್ದರೆ ಒಳಗಿರುವುದು ಹಿತ್ತಾಳೆ, ಹೊರಗಿರುವುದು ಬರೀ ಲೇಪ. ಕೈಗೆತ್ತಿಕೊಂಡರೆ ತೂಕವೇ ಇಲ್ಲ ಎನಿಸುವ ಬಣ್ಣಬಣ್ಣದ ಲೋಹದ ಪೆನ್ನು ಬಹುಶಃ ಅಲ್ಯುಮಿನಿಯಂ. ಭಾರವಾದ, ನುಣುಪಾದ ಬಣ್ಣ ಬಳಿದ ಚೀನೀ ಪೆನ್ನುಗಳಲ್ಲಿ ಹಲವು ಹಿತ್ತಾಳೆಯ ಮೇಲೆ ಲ್ಯಾಕರ್ ಹಚ್ಚಿದವು.

ಮೂರನೆಯದು ಮಸಿ. ಕ್ಯಾಮೆಲ್, ಕ್ವಿಂಕ್, ಸುಲೇಖಾದಂತಹ ಸಾಮಾನ್ಯ ನೀಲಿ ಮಸಿಗಳು ನೀರಿನಲ್ಲಿ ಕರಗುವ ಬಣ್ಣಗಳಿಂದ ಆದವು. ಕಬ್ಬಿಣದ ಮಸಿಗಳ ಜಾತಿ ಬೇರೆ. ಪೆಲಿಕಾನ್ 4001 ಬ್ಲೂ–ಬ್ಲ್ಯಾಕ್ ಈ ಬಗೆಯದು. ಇದರಲ್ಲಿ ಕಬ್ಬಿಣದ ಲವಣವೂ ಗ್ಯಾಲಿಕ್, ಟ್ಯಾನಿಕ್‌ನಂತಹ ಸಸ್ಯಮೂಲದ ಆಮ್ಲವೂ ಇರುತ್ತವೆ. ಗಾಳಿ ತಾಗಿದಾಗ ಇವು ನೀರಿನಲ್ಲಿ ಕರಗದ ಕಪ್ಪು ವಸ್ತುವಾಗುತ್ತವೆ. ಕಾಗದದ ಮೇಲೆ ಅದೇ ಅವುಗಳ ಗುಣ, ಪೆನ್ನಿನೊಳಗೆ ಅದೇ ಅವಗುಣ. ಮೂರನೆಯ ಬಗೆ ಕಣಗಳ ಮಸಿ. ಪ್ಲ್ಯಾಟಿನಂ ಕಾರ್ಬನ್ ಬ್ಲ್ಯಾಕ್‌ನಂಥದ್ದು. ಇದರಲ್ಲಿ ಕರಗುವ ಬಣ್ಣವೇ ಇಲ್ಲ, ನೀರಿನಲ್ಲಿ ತೇಲುವ ಇಂಗಾಲದ ಪುಡಿ ಇದೆ. ಇವೆಲ್ಲದರ ಹೊರಗಿರುವುದು ಸ್ಟಾಂಪ್ ಪ್ಯಾಡಿನ ಮಸಿ ಮತ್ತು ಡ್ರಾಯಿಂಗ್ ಇಂಕ್. ಕಚೇರಿಯಲ್ಲಿ ಮಸಿ ಮುಗಿದಾಗ ಪ್ಯಾಡಿನ ಬಾಟಲಿಯನ್ನೇ ಪೆನ್ನಿಗೆ ಬಗ್ಗಿಸುವ ಗುಮಾಸ್ತರಿದ್ದಾರೆ. ಅಂತಹ ಪೆನ್ನುಗಳನ್ನು ನೇರವಾಗಿ ರಿಪೇರಿಯವರ ಕೈಗೆ ಕೊಡುವುದೇ ಲೇಸು.

ಇವುಗಳ ಜೊತೆಗೆ ಕಲೆ ಒಳಗಿದೆಯೋ ಹೊರಗಿದೆಯೋ, ನಿಮಗೆ ಎಷ್ಟು ಆತುರವಿದೆ, ಎಷ್ಟು ಖರ್ಚು ಮಾಡಬಲ್ಲಿರಿ ಎಂಬುದನ್ನೂ ಸೇರಿಸಿಕೊಂಡು ಒಂದೊಂದು ಉಪಾಯವನ್ನು ನೋಡೋಣ.

ನೀರು: ಅಗ್ಗದ್ದು, ನಿಧಾನದ್ದು, ಹೆಚ್ಚಿನವರಿಗೆ ಸಾಕಾದದ್ದು

ಸಾಮಾನ್ಯ ನೀಲಿ ಅಥವಾ ಕಪ್ಪು ಮಸಿಯ ಕಲೆಗೆ ನೀರಿಗಿಂತ ದೊಡ್ಡ ಔಷಧವಿಲ್ಲ. ಜನ ಸೋಲುವುದು ನೀರಿನಿಂದಲ್ಲ, ಆತುರದಿಂದ. ನಲ್ಲಿಯ ಕೆಳಗೆ ಎರಡು ನಿಮಿಷ ಹಿಡಿದು, ಹೋಗಲಿಲ್ಲ ಎಂದು ಮುಂದಿನ ಉಪಾಯಕ್ಕೆ ಹಾರುತ್ತಾರೆ. ನಿಬ್ಬಿರುವ ಮುಂಭಾಗವನ್ನು ಬಿಚ್ಚಿ ಒಂದು ಸಣ್ಣ ಬಟ್ಟಲಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ಸಿಗುವ ಸಿರಿಂಜ್‌ನಿಂದ, ಸೂಜಿ ತೆಗೆದು, ಹಿಂದಿನಿಂದ ನೀರು ದೂಡಿ. ನೀರು ತಿಳಿಯಾಗುವವರೆಗೆ ಇದನ್ನೇ ಮಾಡುತ್ತಿರಿ. ಎರಡು ಮೂರು ರಾತ್ರಿ ಬೇಕಾದರೂ ಬೇಸರಿಸಬೇಡಿ.

ಯಾವ ನೀರು ಎಂಬುದು ನಮ್ಮ ಕಡೆ ಸಣ್ಣ ಮಾತಲ್ಲ. ಸೇಡಂ, ಚಿತ್ತಾಪುರ, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಸುಣ್ಣಕಲ್ಲಿನ ನೆಲವನ್ನು ನಂಬಿಕೊಂಡು. ಅಂತಹ ನೆಲದ ಬೋರ್‌ವೆಲ್ ನೀರು ಗಡಸಾಗಿರುತ್ತದೆ, ಬಾಯ್ಲರಿನಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಅದೇ ನೀರಿನಲ್ಲಿ ಪೆನ್ನು ನೆನೆಸಿ ಒಣಗಲು ಬಿಟ್ಟರೆ ನೀಲಿ ಕಲೆ ಹೋಗಿ ಬಿಳಿ ಕಲೆ ಬರುತ್ತದೆ. ಮೊದಲ ತೊಳೆಗೆ ಯಾವ ನೀರಾದರೂ ನಡೆಯುತ್ತದೆ. ನೆನೆಸುವುದಕ್ಕೂ ಕೊನೆಯ ತೊಳೆಗೂ ಆರ್‌ಒ ನೀರು ಅಥವಾ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ. ಬ್ಯಾಟರಿ ಅಂಗಡಿಯಲ್ಲಿ ಆ್ಯಸಿಡ್ ಕೂಡ ಬಾಟಲಿಯಲ್ಲೇ ಇರುತ್ತದೆ, ಚೀಟಿ ಓದಿ ಕೊಳ್ಳಿ.

ಕುದಿಯುವ ನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಹಳೆಯ ಪೆನ್ನುಗಳಲ್ಲಿ ನಿಬ್ಬಿನ ಕೆಳಗಿನ ಕಪ್ಪು ನಾಲಿಗೆ ಎಬೊನೈಟ್ ಎಂಬ ಗಟ್ಟಿ ರಬ್ಬರಿನದಾಗಿದ್ದರೆ ಬಿಸಿಗೆ ಬಾಗುತ್ತದೆ, ಬಣ್ಣವೂ ಮಾಸುತ್ತದೆ. ಒಳಗಿನ ಅಂಟು ಕೂಡ ಸಡಿಲವಾಗಬಹುದು.

ನೀರಿಗೆ ಪಾತ್ರೆ ತೊಳೆಯುವ ದ್ರವ ಸಾಬೂನಿನ ಒಂದು ಹನಿ ಸೇರಿಸಿದರೆ ಜಿಡ್ಡು ಬಿಡುತ್ತದೆ, ನೀರು ಸಂದುಗಳೊಳಗೆ ಸಲೀಸಾಗಿ ನುಗ್ಗುತ್ತದೆ. ಒಂದು ಹನಿ ಎಂದರೆ ಒಂದೇ ಹನಿ. ಸಾಬೂನು ಉಳಿದುಕೊಂಡರೆ ಆಮೇಲೆ ತುಂಬುವ ಮಸಿ ಕಾಗದದ ಮೇಲೆ ಒಡೆದು ಹರಡುತ್ತದೆ. ಕ್ಯಾಪಿನ ಒಳಗಿನ ಬಳೆಗೆ ಇದೇ ನೀರಿನಲ್ಲಿ ಅದ್ದಿದ ಕಿವಿಕಡ್ಡಿ ತಿರುವಿ, ತಿರುಪಿನ ಸಂದುಗಳಿಗೆ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಆಡಿಸಿ. ಕಣಗಳ ಮಸಿಗೂ ಇದೇ ದಾರಿ. ಪುಡಿ ಕರಗುವುದಿಲ್ಲ, ಸಡಿಲವಾಗಿ ಹೊರಬರಬೇಕು, ಅಷ್ಟೇ.

ನಿಂಬೆ ಉಪ್ಪು, ವಿಟಮಿನ್ ಸಿ: ಕಬ್ಬಿಣದ ಮಸಿಗೆ ಮಾತ್ರ

ಕಬ್ಬಿಣದ ಮಸಿಯ ಕಲೆಯ ಮುಂದೆ ನೀರು ಎಷ್ಟು ದಿನ ಕಾದರೂ ಪ್ರಯೋಜನವಿಲ್ಲ. ಸಾಬೂನು, ಅಮೋನಿಯಗಳಂತೂ ಕೆಲಸ ಕೆಡಿಸುತ್ತವೆ. ಅವು ಕ್ಷಾರ, ಕ್ಷಾರದಲ್ಲಿ ಕಬ್ಬಿಣ ಇನ್ನಷ್ಟು ಹೆಪ್ಪುಗಟ್ಟಿ ಕೂರುತ್ತದೆ. ಇಲ್ಲಿ ಬೇಕಾದದ್ದು ಮೃದುವಾದ ಆಮ್ಲ.

ಎರಡು ಆಯ್ಕೆಗಳಿವೆ. ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಕಪ್ಪಾದ ಕಬ್ಬಿಣವನ್ನು ಮತ್ತೆ ಕರಗುವ ರೂಪಕ್ಕೆ ಇಳಿಸುತ್ತದೆ. ಕಲೆ ಕಣ್ಣೆದುರೇ ತಿಳಿಯಾಗುವುದು ಇದರಿಂದಲೇ. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತದೆ. ಕೆಲಸ ಸ್ವಲ್ಪ ನಿಧಾನ, ಬೆಲೆ ಬಲು ಕಡಿಮೆ, ಸಿಗದ ಊರಿಲ್ಲ. ಕಲೆ ಹೊಸದಾಗಿದ್ದರೆ ನಿಂಬೆ ಉಪ್ಪು ಸಾಕು. ವರ್ಷಗಟ್ಟಲೆ ಹಳೆಯದಾದರೆ ವಿಟಮಿನ್ ಸಿ ಪುಡಿಯನ್ನು ತರಿಸಿಕೊಳ್ಳುವುದು ಯೋಗ್ಯ. ಔಷಧಿ ಅಂಗಡಿಯ ಚೀಪುವ ಕಿತ್ತಳೆ ಮಾತ್ರೆ ಬೇಡ. ಅದರಲ್ಲಿ ಸಕ್ಕರೆ, ಬಣ್ಣ, ಪರಿಮಳಗಳೂ ಇರುತ್ತವೆ. ನಿಂಬೆಹಣ್ಣಿನ ರಸವನ್ನೇ ಹಿಂಡುವವರಿಗೆ ಒಂದು ಮಾತು: ರಸದ ತಿರುಳು ನಾಲಿಗೆಯ ಸಣ್ಣ ಕಾಲುವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಳಿ ವಿನೆಗರ್ ನಡೆಯುತ್ತದೆ, ಆದರೆ ಈ ಎರಡಕ್ಕಿಂತ ಮಂದ, ಮತ್ತು ವಾಸನೆ ಬೇಗ ಬಿಡುವುದಿಲ್ಲ.

ಒಂದು ಲೋಟ ಆರ್‌ಒ ನೀರಿಗೆ ಒಂದು ಟೀ ಚಮಚ ಪುಡಿ ಕದಡಿ ಮುಂಭಾಗವನ್ನು ಅರ್ಧ ಗಂಟೆ ನೆನೆಸಿ, ತೆಗೆದು ನೋಡಿ. ಬೇಕಾದರೆ ಹೊಸ ನೀರು ಮಾಡಿ ಇನ್ನೊಮ್ಮೆ ನೆನೆಸಬಹುದು. ರಾತ್ರಿಯಿಡೀ ಬಿಡಬೇಡಿ. ಮುಗಿದ ಮೇಲೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ. ಸ್ಟೇನ್‌ಲೆಸ್ ಸ್ಟೀಲಿಗೆ ಇದರಿಂದ ಭಯವಿಲ್ಲ. ಬರಿಯ ಹಿತ್ತಾಳೆಯಾದರೆ ಆಮ್ಲ ತಾಗಿದ ಜಾಗ ತಾಮ್ರದ ಗುಲಾಬಿ ಛಾಯೆಗೆ ತಿರುಗಬಹುದು. ಅಲ್ಲಿ ನೆನೆಸದೆ, ಕಿವಿಕಡ್ಡಿಯಿಂದ ಕಲೆಯ ಮೇಲಷ್ಟೇ ತಾಗಿಸಿ ಒರೆಸಬೇಕು. ಉಪ್ಪು ಸೇರಿಸಿದರೆ ಬೇಗ ಹೋಗುತ್ತದೆ ಎಂಬ ಸಲಹೆಯನ್ನು ಕೇಳಬೇಡಿ. ಉಪ್ಪಿನ ಕ್ಲೋರೈಡ್ ಸ್ಟೀಲಿನಲ್ಲೂ ಗುಳಿ ತೋಡಬಲ್ಲದು.

ಈ ಕೆಲಸವನ್ನು ಸ್ಟೀಲ್ ತಟ್ಟೆಯೊಳಗೆ ಇಟ್ಟುಕೊಂಡು ಮಾಡಿ. ಮನೆಗೆ ಹಾಸಿದ್ದು ಶಹಾಬಾದ್ ಪರಸಿಯಾದರೆ ಅದೂ ಸುಣ್ಣಕಲ್ಲೇ. ನಿಂಬೆ ಉಪ್ಪಿನ ನೀರು ಚೆಲ್ಲಿದ ಕಡೆ ಕಲ್ಲಿನ ಹೊಳಪು ಹೋಗಿ ಬಿಳುಚಿಕೊಳ್ಳುತ್ತದೆ, ಮನೆಯವರಿಂದ ಮಾತು ಕೇಳಬೇಕಾಗುತ್ತದೆ.

ಅಮೋನಿಯ: ಬಲವಿದೆ, ಷರತ್ತುಗಳೂ ಇವೆ

ಪೆನ್ನು ರಿಪೇರಿಯವರು ಬಹುಕಾಲದಿಂದ ಬಳಸುವ ದ್ರವ ಇದು. ವರ್ಷಗಟ್ಟಲೆ ಒಣಗಿದ ಸಾಮಾನ್ಯ ಮಸಿಯನ್ನು ನೀರು ದಿನಗಳಲ್ಲಿ ಬಿಡಿಸಿದರೆ ತೆಳು ಅಮೋನಿಯ ಕೆಲವೇ ನಿಮಿಷಗಳಲ್ಲಿ ಬಿಡಿಸುತ್ತದೆ. ಆದರೆ ಎಲ್ಲ ಲೋಹಕ್ಕೂ ಇದು ಸಲ್ಲುವುದಿಲ್ಲ. ಅಮೋನಿಯ ತಾಮ್ರವನ್ನು ಕರಗಿಸುತ್ತದೆ, ಆದ್ದರಿಂದ ಹಿತ್ತಾಳೆಗೆ ನಿಷಿದ್ಧ. ಅಲ್ಯುಮಿನಿಯಂ ಕ್ಷಾರವನ್ನು ತಾಳುವುದಿಲ್ಲ. ಸವೆದ ಲೇಪದ ಕೆಳಗೆ ನುಗ್ಗಿದರೆ ಒಳಗಿನ ಹಿತ್ತಾಳೆಯನ್ನು ಹಿಡಿಯುತ್ತದೆ. ಉಳಿದದ್ದು ಅಪ್ಪಟ ಸ್ಟೇನ್‌ಲೆಸ್ ಸ್ಟೀಲ್ ಮತ್ತು ಪ್ಲಾಸ್ಟಿಕ್ ಭಾಗಗಳು. ಅಲ್ಲಿ ಇದಕ್ಕೆ ಸಾಟಿಯಿಲ್ಲ.

ಇಲ್ಲಿನ ಇನ್ನೊಂದು ತೊಡಕು ದೊರೆಯುವ ರೂಪದ್ದು. ವಿದೇಶದ ಸಲಹೆಗಳಲ್ಲಿ ಹತ್ತು ಪಾಲು ನೀರಿಗೆ ಒಂದು ಪಾಲು ಅಮೋನಿಯ ಎಂದಿರುತ್ತದೆ. ಅದು ಅವರ ಅಂಗಡಿಗಳಲ್ಲಿ ಮಾರುವ, ಆಗಲೇ ತೆಳುವಾದ ದ್ರವದ ಲೆಕ್ಕ. ನಮ್ಮ ಕೆಮಿಕಲ್ ಅಂಗಡಿಯ ಲಿಕರ್ ಅಮೋನಿಯ ಅದಕ್ಕಿಂತ ಹಲವು ಪಟ್ಟು ಗಾಢ. ಒಂದು ಲೋಟ ನೀರಿಗೆ ಒಂದು ಟೀ ಚಮಚಕ್ಕಿಂತ ಹೆಚ್ಚು ಬೇಡ. ಬಿಸಿಲಿನಲ್ಲಿ ಇಟ್ಟ ಬಾಟಲಿಯೊಳಗೆ ಅನಿಲ ಒತ್ತಿಕೊಂಡಿರುತ್ತದೆ. ತಣ್ಣನೆಯ ಹೊತ್ತಿನಲ್ಲಿ, ಮಾಳಿಗೆಯ ಮೇಲೆ, ಮುಖ ದೂರವಿಟ್ಟು, ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ಕೈಗವಸು, ಕನ್ನಡಕ ಇರಲಿ. ದ್ರವವನ್ನು ಹತ್ತು ನಿಮಿಷ ಒಳಗೆ ಹೊರಗೆ ಆಡಿಸಿ, ನೀರಿನಿಂದ ತೊಳೆದುಬಿಡಿ. ಮಕ್ಕಳಿರುವ ಮನೆಯಲ್ಲಿ ಉಳಿದ ಬಾಟಲಿಯನ್ನು ಇಟ್ಟುಕೊಳ್ಳುವ ಬದಲು ಈ ಉಪಾಯವನ್ನೇ ಕೈಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಮೋನಿಯದ ಹತ್ತಿರ ಬ್ಲೀಚಿಂಗ್ ದ್ರವ ಎಂದೂ ಸುಳಿಯಬಾರದು. ಎರಡೂ ಬೆರೆತರೆ ಉಸಿರಿಗೆ ವಿಷವಾದ ಅನಿಲ ಹುಟ್ಟುತ್ತದೆ. ಬ್ಲೀಚಿಗೆ ಆಮ್ಲ ಬೆರೆತರೂ ಅಷ್ಟೇ, ಕ್ಲೋರಿನ್ ಏಳುತ್ತದೆ.

ಸ್ಪಿರಿಟ್, ಸ್ಯಾನಿಟೈಸರ್

ಸ್ಟೀಲ್ ಮೈಯ ಹೊರಗೆ ಮಾರ್ಕರಿನ ಅಥವಾ ಬಾಲ್ ಪೆನ್ನಿನ ಗೆರೆ ಬಿದ್ದಿದ್ದರೆ ಸ್ಪಿರಿಟ್ ಅದ್ದಿದ ಹತ್ತಿ ಒಂದೇ ಒರೆಸಿಗೆ ತೆಗೆಯುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಪೆನ್ನಿನೊಳಗೆ ಬೇಡ, ಲ್ಯಾಕರ್ ಮೇಲೆ ಬೇಡ. ಹಲವು ಬಗೆಯ ಪ್ಲಾಸ್ಟಿಕ್ ಇದಕ್ಕೆ ಬಿರಿಯುತ್ತದೆ, ಮಂಜಾಗುತ್ತದೆ. ನೇಲ್ ಪಾಲಿಶ್ ರಿಮೂವರ್ ಇನ್ನೂ ಕ್ರೂರಿ.

ಮುಟ್ಟಬಾರದವು

ಬ್ಲೀಚ್ ಕಲೆಯನ್ನು ತೆಗೆಯುತ್ತದೆ, ನಿಜ. ಕೆಲವು ಹಠಮಾರಿ ಆಮದು ನೀಲಿಗಳಿಗೆ ತೆಳು ಬ್ಲೀಚನ್ನು ಪ್ಲಾಸ್ಟಿಕ್ ಭಾಗಗಳ ಮೇಲೆ ಬಳಸುವವರಿದ್ದಾರೆ. ಲೋಹಕ್ಕೆ ಅದು ಶತ್ರು. ಸ್ಟೇನ್‌ಲೆಸ್ ಸ್ಟೀಲ್ ಎಂಬ ಹೆಸರು ನಂಬಿ ನಿಬ್ಬನ್ನು ಅದರಲ್ಲಿ ಮುಳುಗಿಸಿದರೆ ತುಕ್ಕಿನ ಚುಕ್ಕೆಗಳೊಂದಿಗೆ ಹೊರಬರುತ್ತದೆ. ಶೌಚಾಲಯದ ಆ್ಯಸಿಡ್ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಬ್ರಾಸೋ, ಪೀತಾಂಬರಿ, ಟೂತ್‌ಪೇಸ್ಟ್, ಹುಣಸೆಹಣ್ಣು ಕಲೆ ತೆಗೆಯುವ ಬದಲು ಕಲೆಯಿರುವ ಪದರವನ್ನೇ ತೆಗೆಯುವ ಗುಂಪು. ದೇವರಮನೆಯ ಸಮಯಿ ದೀಪವನ್ನು ಇವು ಬೆಳಗುವುದಕ್ಕೆ ಕಾರಣ ಅದು ಒಳಗೂ ಹೊರಗೂ ಹಿತ್ತಾಳೆಯಾಗಿರುವುದು. ಲೇಪದ ಪೆನ್ನಿಗೆ ಅಂತಹ ಒಳ ಸರಕಿಲ್ಲ, ಕೂದಲೆಳೆಗಿಂತ ತೆಳುವಾದ ಪದರ ಹೋದರೆ ಹೋಯಿತು. ಲೇಪವಿಲ್ಲದ ಗಟ್ಟಿ ಹಿತ್ತಾಳೆ ಪೆನ್ನಿನ ಹೊರಮೈಗೆ ಮಾತ್ರ, ನಿಬ್ಬಿಗೆ ತಾಗದಂತೆ, ಬ್ರಾಸೋ ಒಪ್ಪಬಹುದು.

ಯಂತ್ರ ಮತ್ತು ರಿಪೇರಿ

ಕನ್ನಡಕದ ಅಂಗಡಿಗಳಲ್ಲೂ ಆಭರಣದ ಅಂಗಡಿಗಳಲ್ಲೂ ಅಲ್ಟ್ರಾಸಾನಿಕ್ ಕ್ಲೀನರ್ ಇರುತ್ತದೆ. ಕಲಬುರಗಿಯ ಸರಾಫ್ ಬಜಾರಿನಲ್ಲಿ ಕೇಳಿ ನೋಡಬಹುದು. ನೀರಿನಲ್ಲಿ ಎದ್ದ ಸಣ್ಣ ಗುಳ್ಳೆಗಳು ಸಿರಿಂಜ್ ತಲುಪದ ಸಂದಿನಿಂದಲೂ ಮಸಿಯನ್ನು ಕಿತ್ತು ತರುತ್ತವೆ. ಕಣಗಳ ಮಸಿಗೆ ಇದೇ ಅತ್ಯುತ್ತಮ. ಒಂದು ಷರತ್ತು: ಆಭರಣದವರು ಅದರಲ್ಲಿ ಅಮೋನಿಯದಂತಹ ದ್ರವ ಹಾಕಿರಬಹುದು, ಬರೀ ನೀರು ಹಾಕಿಸಿ, ನಿಬ್ಬಿನ ಮುಂಭಾಗವನ್ನಷ್ಟೇ ಇಡಿ. ಕಿತ್ತೆದ್ದ ಲೇಪ, ಬಿರುಕು ಬಿಟ್ಟ ಲ್ಯಾಕರ್ ಇರುವ ಭಾಗಗಳು ಯಂತ್ರಕ್ಕೆ ಹೋಗಬಾರದು. ಹತ್ತಾರು ಪೆನ್ನು ಇಟ್ಟುಕೊಂಡವರಿಗೆ ಎರಡು ಮೂರು ಸಾವಿರ ರೂಪಾಯಿಯ ಸಣ್ಣ ಯಂತ್ರ ದುಬಾರಿಯೇನಲ್ಲ, ಒಂದೇ ಪೆನ್ನಿನವರು ಕೊಳ್ಳುವುದು ದಂಡ.

ಹಳೆಯ ಪಾರ್ಕರ್, ಶೆಫರ್, ಚಿನ್ನದ ನಿಬ್ಬಿನ ಪೆನ್ನು, ಬಿಚ್ಚಲು ಬಾರದ ಪೆನ್ನುಗಳನ್ನು ಬಲ್ಲವರ ಕೈಗೆ ಕೊಡಿ. ನಮಗೆ ಹತ್ತಿರದ ದೊಡ್ಡ ಊರು ಹೈದರಾಬಾದ್. ಅಲ್ಲಿನ ಅಬಿಡ್ಸ್‌ನಲ್ಲಿ ಡೆಕ್ಕನ್ ಪೆನ್ ಸ್ಟೋರ್ಸ್‌ನಂತಹ ಹಳೆಯ ಪೆನ್ನಿನ ಅಂಗಡಿ ಇದೆ. ಬೇರೆ ಕೆಲಸಕ್ಕೆ ಹೋದಾಗ ಜೊತೆಗೆ ಒಯ್ದರೆ ಪ್ರಯಾಣದ ಖರ್ಚೂ ಹೊರೆಯಾಗದು.

ಬಿದರಿ ಪೆನ್ನು: ಮೇಲಿನ ಯಾವುದೂ ಬೇಡ

ನಿವೃತ್ತಿಯ ದಿನ ಶಾಲು, ಹಾರದ ಜೊತೆ ಬಿದರಿ ಕೆಲಸದ ಪೆನ್ನು ಕೊಡುವುದು ನಮ್ಮ ಕಡೆ ಸನ್ಮಾನದ ರೂಢಿ. ಅದರ ಮೇಲೆ ಮಸಿ ಬಿದ್ದಾಗ ಜನ ಗಾಬರಿಯಾಗಿ ಬೆಳ್ಳಿ ಬೆಳಗುವ ದ್ರವ ಹಚ್ಚುತ್ತಾರೆ. ಬಿದರಿಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಹಚ್ಚಿದಾಗ ಆ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಬಿಳಿಯಾಗಿಯೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಗುರುತು (ಜಿಐ) ಪಡೆದ ಈ ಕುಸುರಿ ಕೆಲಸದ ಜೀವವೇ ಆ ಕಪ್ಪು. ಅದು ಬಳಿದ ಬಣ್ಣವಲ್ಲ, ಲೋಹದ ಮೇಲ್ಮೈಯೇ ಬದಲಾಗಿ ಹುಟ್ಟಿದ ತೆಳು ಪದರ. ಸತು ಆಮ್ಲವನ್ನೂ ತಾಳದು, ಕ್ಷಾರವನ್ನೂ ತಾಳದು. ಹಾಗಾಗಿ ನಿಂಬೆ ಉಪ್ಪು, ಅಮೋನಿಯ, ಬ್ರಾಸೋ ಮೂರೂ ಇಲ್ಲಿ ಹಾನಿಕರ.

ಮಸಿ ಬಿದ್ದ ಕೂಡಲೇ ಹಿಂಡಿದ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ತಕ್ಷಣ ಒಣ ಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಕಪ್ಪು ಮೈಯ ಮೇಲೆ ನೀಲಿ ಕಲೆ ಹೇಗೂ ಎದ್ದು ಕಾಣುವುದಿಲ್ಲ, ಉಳಿದರೆ ಉಳಿಯಲಿ. ಬಿಳಿ ಚುಕ್ಕೆ ಎದ್ದಿದ್ದರೆ ಸತು ಕೆಟ್ಟಿದೆ ಎಂದರ್ಥ. ಆಗ ಬೀದರ್‌ನ ಚೌಬಾರಾ ಸುತ್ತಲಿನ ಬಿದರಿ ಕುಶಲಕರ್ಮಿಗಳ ಬಳಿಗೆ ಒಯ್ಯಿರಿ, ಮತ್ತೆ ಕಪ್ಪು ಹಿಡಿಸುವುದು ಅವರಿಗೆ ಗೊತ್ತು. ಒಳಗಿನ ನಿಬ್ಬನ್ನು ತೊಳೆಯಬೇಕಾದರೆ ಮುಂಭಾಗವನ್ನು ಪೂರ್ತಿ ಬಿಚ್ಚಿ, ಬಿದರಿ ಮೈಯನ್ನು ನೀರಿನಿಂದ ದೂರ ಇಟ್ಟುಕೊಳ್ಳಿ.

ಹಾಗಾದರೆ ನಿಮಗೆ ಯಾವುದು?

ಸ್ಟೀಲ್ ಪೆನ್ನು, ಸಾಮಾನ್ಯ ನೀಲಿ ಮಸಿ: ನೀರು, ಒಂದು ಹನಿ ಸಾಬೂನು, ಮೂರು ರಾತ್ರಿ. ಅಷ್ಟಾದರೂ ಬಗ್ಗದಿದ್ದರೆ, ಮತ್ತು ಎಚ್ಚರಿಕೆ ವಹಿಸಬಲ್ಲಿರಾದರೆ, ತೆಳು ಅಮೋನಿಯ. ಅದೇ ಪೆನ್ನಿಗೆ ಕಬ್ಬಿಣದ ಬ್ಲೂ–ಬ್ಲ್ಯಾಕ್ ತುಂಬಿದ್ದರೆ ಸಾಬೂನನ್ನೂ ಅಮೋನಿಯವನ್ನೂ ಬಿಟ್ಟು ನೇರ ನಿಂಬೆ ಉಪ್ಪಿಗೆ ಹೋಗಿ. ಹಿತ್ತಾಳೆಯ ಮೇಲೆ ಲೇಪವಿದ್ದ ಪೆನ್ನಿಗೆ ನೀರೇ ಗತಿ. ಅದರಿಂದ ಹೋಗದಿದ್ದರೆ ಸರಾಫರ ಯಂತ್ರದಲ್ಲಿ ಮುಂಭಾಗವನ್ನಷ್ಟೇ ಆಡಿಸಿ. ಅಲ್ಯುಮಿನಿಯಂಗೂ ಹಾಗೆಯೇ. ಇನ್ನೂರು ಮುನ್ನೂರು ರೂಪಾಯಿಯ ಪೆನ್ನಿಗೆ ಇಷ್ಟೆಲ್ಲ ಮಾಡುವ ಬದಲು ಹೊಸದು ಕೊಳ್ಳುವುದು ಲೆಕ್ಕಕ್ಕೆ ಸರಿ. ತಂದೆಯವರು ಬಳಸಿದ ಪೆನ್ನಾದರೆ ಆ ಲೆಕ್ಕ ಯಾರೂ ಹಾಕುವುದಿಲ್ಲ.

ಪಾರದರ್ಶಕ ಕನ್ವರ್ಟರ್ (ಮಸಿ ತುಂಬುವ ಒಳಕೊಳವೆ) ನೀಲಿಗಟ್ಟಿದೆ ಎಂದು ಕೊರಗುವವರು ಬಹಳ. ಅದು ಬರವಣಿಗೆಗೆ ಏನೂ ಅಡ್ಡಿ ಮಾಡುವುದಿಲ್ಲ. ಕಣ್ಣಿಗೆ ಒಗ್ಗದಿದ್ದರೆ ಹೊಸದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕಾಗಿ ಅಮೋನಿಯ ಹುಡುಕಿಕೊಂಡು ಅಲೆಯಬೇಡಿ.

ದಸ್ತಾವೇಜು ಬರೆಯುವವರು, ದಾಖಲೆಗೆ ಸಹಿ ಹಾಕುವವರು ಬ್ಲೂ–ಬ್ಲ್ಯಾಕ್ ಬಿಡಲಾರರು, ಬಿಡಬೇಕಾಗಿಯೂ ಇಲ್ಲ. ಅದಕ್ಕೆಂದೇ ಒಂದು ಸ್ಟೀಲ್ ಪೆನ್ನನ್ನು ಮೀಸಲಿಡಿ. ಅದರೊಳಗೆ ಬೇರೆ ಮಸಿ ಬೆರೆಸಬೇಡಿ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಅರ್ಧವಷ್ಟೇ ತುಂಬಿ, ವಾರಕ್ಕೊಮ್ಮೆ ಖಾಲಿ ಮಾಡಿ ತೊಳೆಯಿರಿ. ರಜೆಗೆ ಹೋಗುವ ಮಾಸ್ತರರು ಕೊನೆಯ ದಿನ ಪೆನ್ನನ್ನು ಬರಿದು ಮಾಡಿ, ತೊಳೆದು, ನಿಬ್ಬನ್ನು ಕೆಳಮುಖವಾಗಿ ಹತ್ತಿಬಟ್ಟೆಯ ಮೇಲೆ ಒಂದು ದಿನ ಆರಿಸಿ, ಆಮೇಲೆ ಕ್ಯಾಪ್ ಹಾಕಿ ಎತ್ತಿಡಲಿ.